ಒಂಬತ್ತು ತಪ್ಪು, ಒಂದೇ ಪದ

ನವೆಂಬರ್ 2, ಭಾನುವಾರ
ಆರನೇ ಮಾಕ್ ಟೆಸ್ಟ್. ನೂರಕ್ಕೆ 41. ಹೋದ ವಾರವೂ 41. ಒಲೆ ಮೇಲಿನ ಹಾಲು ಇಳಿಸಿ ಬಂದು ಮತ್ತೆ ಕೂಡಿಸಿದೆ. ಹಾಲು ಉಕ್ಕಿತ್ತು, ಅಂಕ ಉಕ್ಕಲಿಲ್ಲ.

ಬಾರ್ ಎಕ್ಸಾಮ್ ಪಾಸಾಗಲು 45 ಬೇಕು. ಹೋದ ವರ್ಷ ಇಂಗ್ಲಿಷಿನಲ್ಲಿ ಬರೆದು ಫೇಲ್. ಈ ಸಲ ಕನ್ನಡ ಪೇಪರ್. ಇದೇ ಕಡೆಯ ಅವಕಾಶ… ವಕೀಲಿಕೆ ಮಾಡಲು ಕೊಟ್ಟ ತಾತ್ಕಾಲಿಕ ಸನ್ನದಿನ ಎರಡು ವರ್ಷ ಜನವರಿಗೆ ಮುಗಿಯುತ್ತದೆ. ಆಮೇಲೆ ಕರಿಕೋಟು ಮೊಳೆಗೆ.

ನವೆಂಬರ್ 5, ಬುಧವಾರ
ಆಫೀಸಿನಲ್ಲಿ ಕಕ್ಷಿದಾರರಿಲ್ಲ. ಮೂರು ಟೆಸ್ಟ್‌ಗಳ ತಪ್ಪುಗಳನ್ನೆಲ್ಲ ವಿಷಯವಾರು ಬರೆದೆ. ಕ್ರಿಮಿನಲ್ ಪರವಾಗಿಲ್ಲ. ಸಾಕ್ಷ್ಯವೂ ಪರವಾಗಿಲ್ಲ. ಮುಗ್ಗರಿಸಿರುವುದು ಆಸ್ತಿ ಕಾನೂನಿನಲ್ಲಿ — ನನಗೆ ಚೆನ್ನಾಗಿ ಬರುತ್ತದೆ ಎಂದು ಜಂಬಪಡುವ ವಿಷಯ! ಒಂಬತ್ತು ತಪ್ಪು. ಒಂಬತ್ತರಲ್ಲೂ ಒಂದೇ ಪದ: ಸ್ವಾಧೀನ.

'ಜಮೀನಿನ ಸ್ವಾಧೀನ ಪಡೆದ ಖರೀದಿದಾರನಿಗೆ ಇರುವ ರಕ್ಷಣೆ?' ನಾನು ಹಾಕಿದ್ದು — ಪರಿಹಾರ. ಉಳಿದವಕ್ಕೂ ಹೆಚ್ಚುಕಮ್ಮಿ ಅದೇ.

ಸೀನಿಯರ್ ವೆಂಕಟರಮಣಪ್ಪನವರು ಹಾಳೆ ಇಸಿದುಕೊಂಡು ನೋಡಿದರು. "ಏನಮ್ಮಾ ಜ್ಯೋತಿ, ಎಲ್ಲಾದ್ಕೂ ಪರಿಹಾರ ಹಂಚ್ಬಿಟ್ಟಿದೀಯ? ಸ್ವಾಧೀನ ಅಂದ್ರೆ ಪೊಸೆಷನ್ ಕಣಮ್ಮ. ಕೈಲಿರೋದು. ಸರ್ಕಾರ ಕಿತ್ಕೊಳ್ಳೋದಲ್ಲ."

ಗೊತ್ತಿಲ್ಲವೆಂದಲ್ಲ. ಕ್ಲಾಸಿನಲ್ಲಿ ಐದು ವರ್ಷ ಪೊಸೆಷನ್ ಎಂದೇ ಕೇಳಿದ್ದು. ಅವಸರದಲ್ಲಿ ಕನ್ನಡ ಪದ ಕಂಡರೆ ಮನಸ್ಸು ಬೇರೆ ಕಡೆ ಓಡುತ್ತದೆ. ಆರನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆಗೆ ಬಂದ ಭೂಸ್ವಾಧೀನದ ನೋಟೀಸಿನ ಕಡೆ. ಬಾಶೆಟ್ಟಿಹಳ್ಳಿಯ ನಮ್ಮ ರಾಗಿ ಹೊಲದಲ್ಲಿ ಈಗ ಕಾರ್ಖಾನೆಯವರ ಬೈಕುಗಳು ನಿಲ್ಲುತ್ತವೆ.

ನವೆಂಬರ್ 6, ಬೆಳಿಗ್ಗೆ
ಅಪ್ಪ ಹುರುಳಿ ಆರಿಸುತ್ತಿದ್ದರು. "ಅಪ್ಪ, ಸ್ವಾಧೀನ ಅಂದ್ರೇನು?"

"ಹೋಯ್ತು ಅಂತ."

ತಲೆ ಎತ್ತಲಿಲ್ಲ. ಕಾಫಿ ತರುವ ನೆಪದಲ್ಲಿ ಒಳಗೆ ಹೋಗಿ ಸ್ವಲ್ಪ ಅತ್ತೆ. ಇಷ್ಟು ವರ್ಷ ನನ್ನ ತಲೆಯಲ್ಲಿದ್ದದ್ದು ಅಪ್ಪನ ನಿಘಂಟು.

ನವೆಂಬರ್ 14, ಶುಕ್ರವಾರ
ಸಾಸಲು ಹಳ್ಳಿಯ ಕಕ್ಷಿದಾರರು ಕದಿರಮ್ಮ ಆಫೀಸಿಗೆ ಬಂದಿದ್ದರು. ಪಹಣಿ ತನ್ನ ಹೆಸರಿನಲ್ಲಿದೆ ಎಂದು ಮೈದುನ ಇವರ ಹೊಲಕ್ಕೆ ಬೇಲಿ ಹಾಕಲು ಬಂದನಂತೆ.

"ಪಾಣಿ ಅವನ ಹೆಸ್ರಲ್ಲೇ ಇರ್ಲಿ ಕಣಮ್ಮ. ಸ್ವಾಧೀನ ನಮ್ದೇ. ನೆನ್ನೆ ತಾನೇ ಅವರೆಕಾಯಿ ಬಿಡಿಸ್ಕಂಡ್ ಬಂದಿವ್ನಿ. ನೋಡು, ಕೈ ಇನ್ನೂ ಸೊಗಡು."

ಮೂಗಿನ ಹತ್ತಿರ ಹಿಡಿದೇಬಿಟ್ಟರು. ಐದು ವರ್ಷದ ಲಾ ಕಾಲೇಜಿನಲ್ಲಿ ತಲೆಗೆ ಹೋಗದ್ದು ಮೂಗಿನಿಂದ ಹೋಯಿತು.

ಸಂಜೆ ಎಂಟನೇ ಟೆಸ್ಟ್. 48! ಆಸ್ತಿ ಕಾನೂನಿನಲ್ಲಿ ಒಂದೇ ತಪ್ಪು, ಅದೂ ಅವಸರದ್ದು.

ನವೆಂಬರ್ 30, ಸಂಜೆ
ಬೆಂಗಳೂರಿಗೆ ಹೋಗಿ ಬರೆದು ಬಂದೆ. ಸ್ವಾಧೀನದ ಮೇಲೆ ನಾಲ್ಕು ಪ್ರಶ್ನೆ. ಪದದ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದೆ. ಕಂಪನಿ ಕಾನೂನು ಪೂರ್ತಿ ಅಂದಾಜು. ಎಷ್ಟು ಬರುತ್ತದೋ… ಭಯವಿದೆ. ನಿದ್ದೆಯೂ ಬರುತ್ತಿದೆ.

ಜನವರಿ 7, ಬುಧವಾರ
ಪಾಸ್.

ಮೂರು ಸಲ ನಂಬರ್ ಹೊಡೆದು ನೋಡಿದೆ. ಮೂರು ಸಲವೂ ಪಾಸ್. ವೆಂಕಟರಮಣಪ್ಪನವರು ಫೋನಿನಲ್ಲೇ, "ನಾಳೆ ಕದಿರಮ್ಮನ ಕೇಸು ನೀನೇ ನಿಂತ್ಕೊ" ಎಂದರು.

ಅಪ್ಪನಿಗೆ ಮೊಬೈಲ್ ತೋರಿಸಿದೆ. ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಆಮೇಲೆ ಮೆಲ್ಲಗೆ, "ಇದನ್ನ ಯಾರೂ ಕಿತ್ಕೊಳ್ಳಕ್ಕಾಗಲ್ಲ, ಅಲ್ವೇನಮ್ಮ?"

"ಯಾರಿಗೂ ಆಗಲ್ಲಪ್ಪ."

ಅಡ್ವೊಕೇಟ್ಸ್ ಆಕ್ಟ್, ಸೆಕ್ಷನ್ 35. ಸನ್ನದು ಕಿತ್ತುಕೊಳ್ಳುವುದಕ್ಕೂ ದಾರಿಯಿದೆ. ಗೊತ್ತಿದ್ದೂ ಗೊತ್ತಿದ್ದೂ ನಾನು ಕೊಟ್ಟ ಮೊದಲ ತಪ್ಪು ಉತ್ತರ. ಆದರೆ ಅಪ್ಪನ ಮುಖ —