ನಾಲಿಗೆಯ ಕೆಳಗೆ ನಾಲ್ಕು ಹನಿ

ಮಾರ್ಚ್ 4, ಸೋಮವಾರ. ಬೆಳಿಗ್ಗೆ 5.50

ಒಟ್ಟು ಎರಡು ಗಂಟೆ ನಿದ್ದೆ. ಅದೂ ತುಂಡು ತುಂಡು. ಇವರು ಒಂದೂವರೆಗೆ ಶುರು ಹಚ್ಚಿಕೊಂಡರು — ಗೊರಕೆ, ಗೊರಕೆ, ಗೊರಕೆ, ಆಮೇಲೆ ಏನೂ ಇಲ್ಲ. ನಾನು ಎದ್ದು ಕೂರುವುದು ಗೊರಕೆಗಲ್ಲ, ಆ ‘ಏನೂ ಇಲ್ಲ’ಕ್ಕೆ. ಉಸಿರು ನಿಂತಾಗ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ಪಕ್ಕೆಗೆ ಮೊಣಕೈಯಿಂದ ತಿವಿಯುತ್ತೇನೆ. ನೀರಲ್ಲಿ ಮುಳುಗಿದವರು ಮೇಲೆ ಬಂದ ಹಾಗೆ ಗರ್ರೆಂದು ಒಂದು ಸಲ ಎಳೆದುಕೊಂಡು ಮಗ್ಗುಲಾಗುತ್ತಾರೆ. ಮತ್ತೆ ಶುರು. ಹನ್ನೊಂದು ವರ್ಷದಿಂದ ಇದೇ ನನ್ನ ರಾತ್ರಿಪಾಳಿ. ಸಂಬಳವಿಲ್ಲ, ರಜಾ ಇಲ್ಲ.

ಹೇಳಿದರೆ ನಂಬುವುದಿಲ್ಲ. “ನಿಂಗೆಲ್ಲೋ ಕನಸು ಬಿದ್ದಿರ್ಬೇಕು ಕಣೆ. ನಾನು ಮಲಗಿದ್ರೆ ಬೆಳಗಾಗೋವರೆಗೂ ಎಚ್ಚರಾನೇ ಆಗಲ್ಲ.” ಎಚ್ಚರ ಆಗುವುದಿಲ್ಲ, ನಿಜ. ಎಚ್ಚರ ಇರುವುದಕ್ಕೆ ನಾನೊಬ್ಬಳು ಇದ್ದೇನಲ್ಲ.

ಈಗ ಶೇವ್ ಮಾಡಿಕೊಳ್ಳುತ್ತಾ ಶಿಳ್ಳೆ ಹಾಕುತ್ತಿದ್ದಾರೆ. ಆರೂವರೆಗೆ ಡಿಪೋದಿಂದ ಬಸ್ಸು ಹೊರಡಿಸಬೇಕು. ಆ ಶಿಳ್ಳೆ ಕೇಳಿದರೆ ಹೊಟ್ಟೆ ಉರಿಯುತ್ತದೆ. ಪ್ರೀತಿ ಇಲ್ಲ ಅಂತಲ್ಲ. ಆದರೂ ಉರಿಯುತ್ತದೆ.

ಮಾರ್ಚ್ 7, ಗುರುವಾರ. ಊಟದ ಹೊತ್ತು, ಲ್ಯಾಬಿನಲ್ಲಿ

ಮಾನ ಹೋಯಿತು. ಯಾವುದೋ ಅಜ್ಜಿಯ ಮೇಲ್ದವಡೆ ಹಲ್ಲುಸೆಟ್ಟಿನ ಜೊತೆ ಇನ್ಯಾವುದೋ ತಾತನ ಕೆಳದವಡೆ ಡಬ್ಬಿಗೆ ಹಾಕಿ ಕಳಿಸಿದ್ದೇನೆ. ಕ್ಲಿನಿಕ್ಕಿನಿಂದ ಫೋನು. ಹದಿನೆಂಟು ವರ್ಷದಿಂದ ಹಲ್ಲು ಕಟ್ಟುತ್ತಿದ್ದೇನೆ, ಒಂದು ದಿನವೂ ಹೀಗಾಗಿರಲಿಲ್ಲ. 

ಯಜಮಾನರು ಬೈಯಲಿಲ್ಲ. “ಏನಮ್ಮಾ, ಇಬ್ಬರೂ ಒಂದೇ ತಟ್ಟೇಲಿ ಊಟ ಮಾಡ್ಲಿ ಅಂತಾನಾ?” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಟಾಯ್ಲೆಟ್ಟಿಗೆ ಹೋಗಿ ಅತ್ತೆ.

ಮೇಣದ ಕೆಲಸದವಳು, ನಾವೆಲ್ಲ ಮೇಣದಕ್ಕ ಎನ್ನುವವಳು, ಟೇಬಲ್ಲು ಬಿಟ್ಟು ಹಿಂದೆಯೇ ಬಂದಳು. ಪರ್ಸಿನಿಂದ ಕಂದು ಬಣ್ಣದ ಪುಟ್ಟ ಬಾಟಲಿ ತೆಗೆದು ತೋರಿಸಿದಳು.

“ಗಾಂಜಾ ಎಣ್ಣೆ ಕಣೆ. ಕದ್ದು ತಂದಿದ್ದಲ್ಲ, ಡಾಕ್ಟರ್ ಬರ್ಕೊಟ್ಟಿದ್ದು. ನಾಲಿಗೆ ಕೆಳಗೆ ನಾಲ್ಕು ಹನಿ. ಬೆಳಗಿನವರೆಗೂ ತಲೆ ಮೇಲೆ ತಲೆ ಬಿದ್ರೂ ಗೊತ್ತಾಗಲ್ಲ.”

“ಅಯ್ಯೋ, ಗಾಂಜಾನಾ! ಇನ್ನು ಜಟೆ ಬಿಟ್ಕೊಂಡು ಓಡಾಡ್ಲಾ?”

“ಜಟೆನಾದ್ರೂ ಬಿಡು, ತಲೆನಾದ್ರೂ ಬೋಳಿಸ್ಕೊ, ಮೊದ್ಲು ನಿದ್ದೆ ಮಾಡು. ಮುಖ ನೋಡ್ಕೊಂಡಿದೀಯಾ ಕನ್ನಡೀಲಿ?”

ನೋಡಿಕೊಂಡೆ. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ.

ಮಾರ್ಚ್ 11, ಸೋಮವಾರ. ಸಂಜೆ

ಮೇಣದಕ್ಕನ ಡಾಕ್ಟರಮ್ಮನ ಹತ್ತಿರ ಹೋಗಿ ಬಂದೆ. ಚಿಕ್ಕ ವಯಸ್ಸು, ಆದರೆ ಗಟ್ಟಿಗಿತ್ತಿ. ಬಿಪಿ, ಹೃದಯ, ಬೇರೆ ಮಾತ್ರೆ, ಕುಡಿತ, ಎಲ್ಲ ಕೇಳಿ ಬರೆದುಕೊಂಡರು. ನಾಲ್ಕು ಹನಿಗಿಂತ ಹೆಚ್ಚು ಬೇಡ, ಬೇರೆಯವರಿಗೆ ಕೊಡಬೇಡಿ ಎಂದು ಎರಡೆರಡು ಸಲ ಹೇಳಿದರು. ಕೊನೆಗೆ ಪೆನ್ನು ಎತ್ತಿಕೊಂಡೇ ಒಂದು ಪ್ರಶ್ನೆ.

“ರಾತ್ರಿ ಹೊತ್ತು ನೀವು ಎದ್ದು ನೋಡ್ಕೋಬೇಕಾದವರು ಮನೇಲಿ ಯಾರಾದ್ರೂ ಇದಾರಾ? ಪುಟ್ಟ ಮಗು, ಹಾಸಿಗೆ ಹಿಡಿದವರು...?”

“ಇಲ್ಲ” ಎಂದೆ.

ಮಗುವಲ್ಲ, ಹಾಸಿಗೆ ಹಿಡಿದವರಲ್ಲ. ಐವತ್ತೊಂದು ವರ್ಷದ ಗಟ್ಟಿ ಆಳು, ದಿನಕ್ಕೆ ಎಂಟು ಟ್ರಿಪ್ಪು ಬಸ್ಸು ಓಡಿಸುವವರು. ಸುಳ್ಳೇನೂ ಹೇಳಲಿಲ್ಲವಲ್ಲ.

ಮಾರ್ಚ್ 12, ಮಂಗಳವಾರ. ಬೆಳಿಗ್ಗೆ 7.30

ಏಳೂವರೆ!

ಮಾರ್ಚ್ 28, ಗುರುವಾರ. ಬೆಳಿಗ್ಗೆ

ಬರೆಯುವುದನ್ನೇ ಮರೆತಿದ್ದೆ. ನಿದ್ದೆ ಬಾರದವರಿಗೆ ತಾನೇ ಡೈರಿ.

ರುಚಿ ಕೊಳೆತ ಹುಲ್ಲಿನದು. ಅರ್ಧ ಗಂಟೆಗೆ ಕೈಕಾಲು ಭಾರ, ಆಮೇಲೆ ಯಾರೋ ಸ್ವಿಚ್ಚು ಒತ್ತಿದಂತೆ. ಕನಸೂ ಇಲ್ಲ. ಇಷ್ಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದಾಯಿತು, ಈಗ ಬಾಯಿಗೆ ಬಿಟ್ಟುಕೊಂಡು ಮಲಗುತ್ತಿದ್ದೇನೆ. ನಾಲ್ಕು ಸಾಲದೆ ಆರು ಮಾಡಿದ್ದೇನೆ, ಕಳೆದ ವಾರದಿಂದ.

ಲ್ಯಾಬಿನಲ್ಲಿ ಕೈ ಮೊದಲಿನ ಹಾಗೆ ಓಡುತ್ತಿದೆ. ಒಂದು ಕಷ್ಟದ ಕೇಸು, ಒಸಡೇ ಸವೆದುಹೋದ ಬಾಯಿ. ಮೊದಲ ಸಲಕ್ಕೇ ಸೆಟ್ಟು ಅಂಟಿಕೊಂಡು ಕೂತಿತಂತೆ. ಯಜಮಾನರು ಎಲ್ಲರೆದುರು ಹೊಗಳಿದರು. ನನಗೆ ನಲವತ್ತಾರು, ಮೊನ್ನೆ ಮೆಟ್ಟಿಲು ಹತ್ತುವಾಗ ಹಾಡು ಗುನುಗಿಕೊಂಡೆ.

ಇವರಿಗೆ ಬೆಳಿಗ್ಗೆ ತಲೆನೋವು. ಒಂದು ವಾರದಿಂದ. ಶಿಳ್ಳೆ ಇಲ್ಲ.

ಏಪ್ರಿಲ್ 15, ಸೋಮವಾರ. ಸಂಜೆ 7

ತರಕಾರಿ ಅಂಗಡಿಯಲ್ಲಿ ಇವರ ಕಂಡಕ್ಟರ್ ಸಿಕ್ಕ. ಚೀಲ ಹಿಡಿದುಕೊಂಡು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಾ ನಿಂತ.

“ಅಕ್ಕಾ, ಅಣ್ಣಂಗೆ ಹೇಳ್ಬೇಡಿ ನಾನು ಹೇಳ್ದೆ ಅಂತ. ಮೊನ್ನೆ ಸಿಗ್ನಲ್‌ನಲ್ಲಿ ಹಸಿರು ಬಿದ್ರೂ ಗಾಡಿ ಎತ್ತಲಿಲ್ಲ. ಹೋಗಿ ನೋಡಿದ್ರೆ ಸ್ಟೀರಿಂಗ್ ಮೇಲೆ ಹಣೆ ಇಟ್ಟಿದಾರೆ. ನಿದ್ದೆ ಹೊಡೀತಿದಾರೆ ಅಕ್ಕಾ. ಐವತ್ತು ಜನ ಒಳಗೆ.”

ಕಾರಣ ಕೇಳಬೇಕಾಗಿಯೇ ಇರಲಿಲ್ಲ. ಹನ್ನೊಂದು ವರ್ಷ ನನ್ನ ಮೊಣಕೈ ಅವರನ್ನು ದಡ ಸೇರಿಸುತ್ತಿತ್ತು. ಒಂದು ತಿಂಗಳಿಂದ ಆ ಮೊಣಕೈ ಮಲಗಿದೆ.

ಮನೆಗೆ ಬಂದು ಎಲ್ಲ ಹೇಳಿದೆ. ಹನಿಯ ವಿಷಯ, ಉಸಿರಿನ ವಿಷಯ. ಆಸ್ಪತ್ರೆಗೆ ಹೋಗೋಣ ಬನ್ನಿ ಎಂದೆ.

“ಹೋದ್ರೆ ಏನಾಗತ್ತೆ ಗೊತ್ತಾ? ನಿದ್ದೇಲಿ ಉಸಿರು ಕಟ್ಟೋ ಡ್ರೈವರ್ ಅಂತ ಬರೀತಾರೆ. ಲೈಸೆನ್ಸ್ ಕಿತ್ಕೋತಾರೆ. ಸ್ಟೀರಿಂಗ್ ಬಿಟ್ರೆ ನಂಗೆ ಇನ್ನೇನು ಬರತ್ತೆ ಹೇಳು?”

“ಪ್ರಾಣ ಹೋದ್ರೆ?”

“ಇಷ್ಟು ವರ್ಷ ಹೋಗಿದೆಯಾ?”

ಇಷ್ಟು ವರ್ಷ ನಾನು ಎಚ್ಚರವಿದ್ದೆ.

ಏಪ್ರಿಲ್ 17, ಬುಧವಾರ. ಬೆಳಿಗ್ಗೆ 5

ಎರಡು ದಿನ ಹನಿ ತೊಗೊಳ್ಳಲಿಲ್ಲ. ಮೊದಲಿಗಿಂತ ಕೆಟ್ಟದಾಗಿದೆ. ಎಣಿಕೆ ಹತ್ತಕ್ಕೆ ನಿಲ್ಲುತ್ತಿಲ್ಲ — ನಿನ್ನೆ ಒಂದು ಸಲ ತಿವಿದರೂ ಏಳಲಿಲ್ಲ, ಮೂವತ್ತೆಂಟರವರೆಗೆ ಹೋಯಿತು. ಮೂವತ್ತೊಂಬತ್ತಕ್ಕೆ ಕೆನ್ನೆಗೆ ಹೊಡೆದೆ. ಕಣ್ಣು ಬಿಟ್ಟು, “ಯಾಕೇ ಹೊಡೀತೀಯ?” ಎಂದು ಮಗುವಿನ ಹಾಗೆ ಕೇಳಿ ಮತ್ತೆ ಮಲಗಿದರು.

ಲ್ಯಾಬಿನಲ್ಲಿ ನಿನ್ನೆ ಪ್ಲಾಸ್ಟರ್ ಬಟ್ಟಲು ಕೈ ಜಾರಿ ಒಡೆಯಿತು. ನನ್ನಿಂದ ಆಗುವುದಿಲ್ಲ ಇದು. ಆಗುವುದಿಲ್ಲ. ನಿದ್ದೆಯ ರುಚಿ ಹತ್ತಿದ ಮೇಲೆ ಮತ್ತೆ ಆ ಬಾವಿಗೆ ಇಳಿಯುವುದು ಸಾಧ್ಯವಿಲ್ಲ.

ಒಂದು ದಾರಿ ಇದೆ. ಕೆಳದವಡೆಯನ್ನು ಮುಂದಕ್ಕೆ ಎಳೆದು ಹಿಡಿಯುವ ಹಲ್ಲುಪಟ್ಟಿ. ರಾತ್ರಿ ಹಾಕಿಕೊಂಡು ಮಲಗಿದರೆ ಗಂಟಲು ತೆರೆದಿರುತ್ತದೆ. ನಮ್ಮ ಲ್ಯಾಬಿಗೇ ವರ್ಷಕ್ಕೆ ನಾಲ್ಕೈದು ಬರುತ್ತವೆ, ಡಾಕ್ಟರ ಚೀಟಿಯ ಜೊತೆ. ಎಷ್ಟು ಎಳೆಯಬೇಕು ಎಂದು ಚೀಟಿಯಲ್ಲಿ ಅಳತೆ ಇರುತ್ತದೆ. ಮಾಡುವವಳು ನಾನೇ.

ಚೀಟಿ ಒಂದಿಲ್ಲ, ಅಷ್ಟೇ.

ಏಪ್ರಿಲ್ 19, ಶುಕ್ರವಾರ. ಸಂಜೆ

ಅಡುಗೆಮನೆ ಟೇಬಲ್ಲಿನ ಮೇಲೆ ಅಚ್ಚು ತೆಗೆದೆ. ಕೊರಳಿಗೆ ಟವೆಲು ಕಟ್ಟಿ ಕೂರಿಸಿದ್ದಕ್ಕೆ “ಕ್ಷೌರಾನೂ ಮಾಡ್ಬಿಡು” ಎಂದರು. ಬಾಯಿಗೆ ಅಚ್ಚಿನ ಹಿಟ್ಟು ತುಂಬಿದ ಮೇಲೆ ಸುಮ್ಮನಾದರು. ಮದುವೆಯಾಗಿ ಇಪ್ಪತ್ತಮೂರು ವರ್ಷ, ಮೊದಲ ಬಾರಿಗೆ ಮೂರು ನಿಮಿಷ ನನ್ನ ಮಾತು ಪೂರ್ತಿ ಕೇಳಿಸಿಕೊಂಡರು. ಕಣ್ಣಲ್ಲಿ ನೀರು ಬಂದಿತ್ತು, ವಾಂತಿ ತಡೆದುಕೊಂಡದ್ದಕ್ಕೆ. ಇಬ್ಬರೂ ಆಮೇಲೆ ಬಿದ್ದು ಬಿದ್ದು ನಕ್ಕೆವು.

ಏಪ್ರಿಲ್ 24, ಬುಧವಾರ

ಪಟ್ಟಿ ತಯಾರು. ಎಲ್ಲರೂ ಊಟಕ್ಕೆ ಹೋದಾಗ ಉಜ್ಜಿ ಪಾಲಿಶ್ ಮಾಡುತ್ತಿದ್ದೆ. ಮೇಣದಕ್ಕ ಮೊಸರಿನ ಡಬ್ಬಿ ಮರೆತಳೆಂದು ವಾಪಸು ಬಂದಳು.

“ಯಾರದೇ ಇದು? ಟ್ರೇನಲ್ಲಿ ಚೀಟಿನೇ ಇಲ್ಲ.”

“ನೆಂಟರದ್ದು.”

“ಎಷ್ಟು ಎಳೆದಿದೀಯ?”

“ಐದು ಮಿಲಿಮೀಟರ್.”

“ಯಾರು ಹೇಳಿದ್ದು ಐದು?”

ನಾನು ಇನ್ನೊಂದು ಸಲ ಅಂಚು ಉಜ್ಜಿದೆ. ಅವಳು ಪಟ್ಟಿ ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದಳು. “ಕೆಲಸ ಏನೋ ಚಿನ್ನದಂಗಿದೆ. ಆದ್ರೆ ರಾತ್ರಿ ಆಸ್ಪತ್ರೇಲಿ ಮಲಗಿಸಿ, ವಯರ್ ಹಚ್ಚಿ, ನೋಡಿ ಅಳತೆ ಕೊಡೋದು ಇದಕ್ಕೆ. ಕಣ್ಣಂದಾಜಲ್ಲ ಮಾರಾಯ್ತಿ.” ಚೀಟಿ ಇಲ್ಲದ ಅಚ್ಚು ಮುಟ್ಟಬಾರದು ಎಂದು ನಾನೇ ಹೊಸಬರಿಗೆ ಹೇಳಿಕೊಡುವವಳು. ಪಟ್ಟಿ ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ.

ಏಪ್ರಿಲ್ 26, ಶುಕ್ರವಾರ. ಬೆಳಿಗ್ಗೆ 6

ಗೊರಕೆ ಇಲ್ಲ!

ಹನಿ ತೊಗೊಳ್ಳದೆ ಪರೀಕ್ಷೆಗೆ ಕೂತಿದ್ದೆ. ಪಟ್ಟಿ ಹಾಕಿಕೊಂಡು ಮಲಗಿದರು, ಒಂದು ಸದ್ದಿಲ್ಲ. ಮನೆ ಇಷ್ಟು ನಿಶ್ಶಬ್ದ ಇರುತ್ತದೆಂದೇ ಗೊತ್ತಿರಲಿಲ್ಲ. ಇವರ ಎದೆ ಮೇಲೆ ಕೈಯಿಟ್ಟುಕೊಂಡು ಮೂರರವರೆಗೂ ಎಚ್ಚರವಿದ್ದೆ. ಏರುತ್ತಿತ್ತು, ಇಳಿಯುತ್ತಿತ್ತು. ಒಂದೆರಡು ಸಲ ಎದೆ ಏರಿದರೂ ಮೂಗಿನ ಹತ್ತಿರ ಹಿಡಿದ ಬೆರಳಿಗೆ ಗಾಳಿ ತಾಕಲಿಲ್ಲ. ಫ್ಯಾನು ಜೋರಾಗಿತ್ತು, ಅದಕ್ಕಿರಬೇಕು.

ಗೆದ್ದೆ ಅನಿಸುತ್ತಿದೆ. ಇವತ್ತಿನಿಂದ ನಾನೂ ಮಲಗುತ್ತೇನೆ.

ಮೇ 9, ಗುರುವಾರ. ಬೆಳಿಗ್ಗೆ

ಎಂಟು ಹನಿ ಈಗ. ಡಾಕ್ಟರಮ್ಮನಿಗೆ ಹೇಳಿಲ್ಲ.

ಇವರು ದವಡೆ ನೋವು ಎನ್ನುತ್ತಾರೆ. ತಲೆನೋವು ಹೋಗಿಲ್ಲ. ಎರಡು ದಿನ ಬೆಳಿಗ್ಗೆ ಪಟ್ಟಿ ಮಂಚದ ಕೆಳಗೆ ಬಿದ್ದಿತ್ತು. ಯಾವಾಗ ಉಗಿದರೋ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಬ್ರಶ್ಶಿನಲ್ಲಿ ತೊಳೆದು ಮತ್ತೆ ಡಬ್ಬಿಯಲ್ಲಿಟ್ಟೆ.

ಮೇ 16, ಗುರುವಾರ. ಸಂಜೆ

ಬಸ್ಸು ತಿರುಗಿಸುವಾಗ ಕಂಬಕ್ಕೆ ತಾಗಿಸಿ ಎಡಗಡೆ ಕನ್ನಡಿ ಪುಡಿ. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಡಿಪೋ ಮ್ಯಾನೇಜರು “ನಾಳೆಯಿಂದ ಭಾನುವಾರದವರೆಗೂ ಮನೇಲಿದ್ದು ಚೆನ್ನಾಗಿ ನಿದ್ದೆ ಮಾಡ್ಕೊಂಡು ಬನ್ನಿ” ಎಂದರಂತೆ.

ಬಾಗಿಲಲ್ಲೇ ಚಪ್ಪಲಿ ಬಿಡದೆ ಕೂತರು. ಮುಖ ಸಣ್ಣದಾಗಿತ್ತು. “ಆ ಕ್ಷಣ ನಾನಲ್ಲಿ ಇರಲೇ ಇಲ್ಲ ಕಣೆ” ಎಂದರು. “ನೀನು ಹೇಳಿದ್ದು ನಿಜ ಇರ್ಬೇಕು. ಸೋಮವಾರ ಕರ್ಕೊಂಡು ಹೋಗು. ಲೈಸೆನ್ಸ್ ಹೋದ್ರೆ ಹೋಗ್ಲಿ. ಯಾರನ್ನೋ ಸಾಯಿಸೋದು ಬೇಡ.”

ತಕ್ಷಣ ಫೋನು ಮಾಡಿದೆ. ಸೋಮವಾರ ಹತ್ತೂವರೆಗೆ ಟೈಮು ಕೊಟ್ಟರು. ಇವರ ತಲೆ ಎದೆಗೆ ಒತ್ತಿಕೊಂಡು ಸ್ವಲ್ಪ ಹೊತ್ತು ನಿಂತೆ. ಇನ್ನು ನಾಲ್ಕೇ ರಾತ್ರಿ.

ಮೇ 18, ಶನಿವಾರ. ರಾತ್ರಿ 9.15

ನಿನ್ನೆ ಇಡೀ ರಾತ್ರಿ ಇವರು ಹೊರಳಾಡಿದರಂತೆ. ಪಟ್ಟಿ ಬಾಯಿಗೆ ಹಾಕಿದರೆ ನಿದ್ದೆ ಹತ್ತುವುದಿಲ್ಲ, ತೆಗೆದರೆ ಭಯ. ಈಗ ಊಟದ ತಟ್ಟೆ ಮುಂದೆ ತೂಕಡಿಸುತ್ತಿದ್ದಾರೆ, ಮಂಚ ನೋಡಿದರೆ ಕಣ್ಣು ತೆರೆದುಕೊಳ್ಳುತ್ತದೆ.

“ನಿನ್ನ ಎಣ್ಣೆ ಒಂಚೂರು ಕೊಡೇ. ನಾಳೆ ಹೇಗೂ ಗಾಡಿ ಓಡ್ಸಲ್ಲ” ಎಂದರು.

ಕೊಡಬಾರದು ಎಂದು ಗೊತ್ತು. ಆದರೆ ಆ ಮುಖ ನೋಡಿ ಇಲ್ಲ ಎನ್ನಲಾಗಲಿಲ್ಲ. ನಾಲಿಗೆ ಎತ್ತಿ ಅಂದೆ, ಎತ್ತಿದರು. ನಾಲ್ಕು ಹನಿ. ಇನ್ನೆರಡು ಬಿಡು ಎಂದರು. ಬಿಟ್ಟೆ. “ಥೂ, ಇದನ್ನಾ ದಿನಾ ಕುಡೀತೀಯ?” ಎಂದು ಮುಖ ಕಿವುಚಿದರು. ಪಟ್ಟಿ ನಾನೇ ಕೂರಿಸಿದೆ.

ನಾನಿವತ್ತು ತೊಗೊಳ್ಳುವುದಿಲ್ಲ. ಪಕ್ಕದಲ್ಲಿ ಕೂತು ಕಾಯುತ್ತೇನೆ. ಒಂದು ರಾತ್ರಿ ತಾನೇ.

ಮೇ 19, ಭಾನುವಾರ. ಬೆಳಿಗ್ಗೆ 7.40

ತೊಗೊಂಡೆ.

ಹನ್ನೊಂದಕ್ಕೆ ಕೈ ನಡುಗುತ್ತಿತ್ತು. ದಿನಾ ಹಾಕುವ ಹೊತ್ತು ಮೀರಿತ್ತಲ್ಲ. ನಡುಕ ನಿಲ್ಲಲಿ ಎಂದು ಎರಡೇ ಹನಿ ಅಂದುಕೊಂಡೆ. ಕತ್ತಲಲ್ಲಿ ಎಣಿಸಲಿಲ್ಲ. ಅಲ್ಲಿಂದ ಮುಂದೆ ಗೊತ್ತಿಲ್ಲ, ಕಣ್ಣು ಬಿಟ್ಟರೆ ಬಿಸಿಲು.

ಎಚ್ಚರವಾದಾಗ ಇವರು ಗೋಡೆ ಕಡೆ ತಿರುಗಿ ಮಲಗಿದ್ದರು, ಹೊದಿಕೆ ಕಿವಿಯವರೆಗೆ. ಗೊರಕೆ ಇಲ್ಲ, ಹೊರಳಾಟ ಇಲ್ಲ. ಎಷ್ಟೋ ದಿನದ ಮೇಲೆ ಮಲಗಿದ್ದಾರೆ, ಎಬ್ಬಿಸುವುದು ಬೇಡ ಎಂದು ಬಾಗಿಲು ಎಳೆದುಕೊಂಡು ಬಂದೆ. ನಾಚಿಕೆಯೂ ಆಗಿತ್ತು. ಎದ್ದರೆ, ಕಾದೆಯಾ ಎಂದು ಕೇಳುತ್ತಾರೆ. ಏನು ಹೇಳಲಿ? ಕಾದೆ ಎಂದೇ ಹೇಳುತ್ತೇನೆ. ನಾಳೆ ಆಸ್ಪತ್ರೆ. ನಾಳೆಯಿಂದ ಬಾಟಲಿ ಮೋರಿಗೆ.

ಚಹಾಕ್ಕೆ ನೀರಿಟ್ಟಿದ್ದೇನೆ. ಎರಡು ಲೋಟದಷ್ಟು.

8.00

ಇವರ ಫೋನಿನ ಅಲಾರಂ. ರಜಾ ದಿನಕ್ಕೆಂದು ಎಂಟಕ್ಕೆ ಇಟ್ಟುಕೊಂಡಿದ್ದರು. ತಲೆದಿಂಬಿನ ಪಕ್ಕದಲ್ಲೇ ಇದೆ, ಅವರೇ ನಿಲ್ಲಿಸಿಕೊಳ್ಳಲಿ.

ನಿಂತಿತು.

8.05

ಮತ್ತೆ ಹೊಡೆಯುತ್ತಿದೆ. ಯಾರೂ ಮುಟ್ಟದಿದ್ದರೆ ಐದು ನಿಮಿಷಕ್ಕೊಮ್ಮೆ ತಾನೇ ಹೊಡೆದುಕೊಳ್ಳುತ್ತದೆ, ನನ್ನ ಫೋನೂ ಹಾಗೆಯೇ.

ರೀ, ಎಂದು ಇಲ್ಲಿಂದಲೇ ಕೂಗಿದೆ. ಎರಡು ಸಲ.

ನೀರು ಕುದಿಯುತ್ತಿದೆ. ಒಲೆ ಆರಿಸಿ, ಒಳಗೆ ಹೋಗಿ ಪಕ್ಕೆಗೆ ಮೊಣಕೈಯಿಂದ ತಿವಿಯುತ್ತೇನೆ.