ರೂಮು ನಂಬ್ರ ನಾಲ್ಕು

ಬೋಳಾರ, ಮಂಗಳೂರು
ತಾ. 27-4-1962

ಕಲ್ಲಿಕೋಟೆಯಲ್ಲಿ ಬಿಡಾರ ಹೂಡಿರುವ ನನ್ನ ಒಬ್ಬಳೇ ಗುಲಾಬಿ ಅಕ್ಕನ ಪಾದಗಳಿಗೆ, ತಮ್ಮನಾದ ಚಿತ್ತರಂಜನನು ಒದ್ದರೆ ತಾಗದಷ್ಟು ದೂರದಲ್ಲಿ ನಿಂತು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಬೆವರುತ್ತಾ ಕ್ಷೇಮವಾಗಿದ್ದೇವೆ. ನೀನೂ ಕ್ಷೇಮವೆಂದು ನಿನ್ನ ನಾದಿನಿ ಗ್ಲ್ಯಾಡಿಸ್ ಹೇಳಿದರು.

ಈ ಪತ್ರ ಎರಡು ವರ್ಷ ತಡವಾಯಿತು. ಅದಕ್ಕೆ ಕಾರಣಗಳು ಮೂರು. ಒಂದನೆಯದು, ನಿನ್ನ ಈಗಿನ ವಿಳಾಸ ಗೊತ್ತಿರಲಿಲ್ಲ. ಇದು ಸುಳ್ಳು. ಫಳ್ನೀರಿನ ಆಸ್ಪತ್ರೆಯಲ್ಲಿ ನರ್ಸಾಗಿರುವ ಗ್ಲ್ಯಾಡಿಸ್ ಬಾಯಿಯನ್ನು ಕೇಳಿದ್ದರೆ ಅರ್ಧ ನಿಮಿಷದಲ್ಲಿ ಸಿಗುತ್ತಿತ್ತು, ಕಳೆದ ವಾರ ಸಿಕ್ಕಿದ ಹಾಗೆ. ಎರಡನೆಯದು, ಬಿ.ಎ. ಪರೀಕ್ಷೆಯ ಓದು. ಇದು ಇನ್ನೂ ದೊಡ್ಡ ಸುಳ್ಳು. ನಾನು ಓದಿದ್ದನ್ನು ಕಣ್ಣಾರೆ ಕಂಡವರು ಈ ಜಿಲ್ಲೆಯಲ್ಲಿ ಯಾರೂ ಇಲ್ಲ. ಮೂರನೆಯದನ್ನು ಕೊನೆಗೆ ಹೇಳುತ್ತೇನೆ. ಅದನ್ನು ಬರೆಯುವಷ್ಟು ಧೈರ್ಯ ಬರಬೇಕಾದರೆ ನನಗೆ ನಾಲ್ಕು ಹಾಳೆ ತಮಾಷೆ ಮಾಡಬೇಕು.

ಈಗ ಘನವಾದ ವಿಷಯಕ್ಕೆ ಬರುತ್ತೇನೆ. ಅದೇ, ಮೇ ತಿಂಗಳ ಹವಾ ಬದಲಾವಣೆ.

ನೀನು ಆಂಬ್ರೋಸ್ ಭಾವನನ್ನು ಮದುವೆಯಾಗಿ ಹೋದ ಮೇಲೆ ಮನೆಯಲ್ಲಿ ಬದಲಾದದ್ದು ಬಹಳ ಕಡಿಮೆ. ನಮ್ಮದು ಅಳಿಯಕಟ್ಟಿನ ಮನೆ, ಅಮ್ಮನ ಅಣ್ಣನೇ ಯಜಮಾನ, ಅವರ ಮಾತೇ ಕೋಟೆ ಬಾಗಿಲು. ಸರ್ವೋತ್ತಮ ಮಾವ ಈಗಲೂ ಚಾವಡಿಯ ಆರಾಮ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಪತ್ರ ಹೇಳುತ್ತಾರೆ, ನಾನು ಬರೆಯುತ್ತೇನೆ, ಅವರು ಓದದೆ ರುಜು ಹಾಕುತ್ತಾರೆ. ಮಾರ್ಜಿನ್ ನೇರ ಉಂಟಾ, ಕೊನೆಯಲ್ಲಿ ‘ಇಂತೀ ವಿಶ್ವಾಸಿ’ ಉಂಟಾ, ಅಷ್ಟೇ ನೋಡುವುದು. “ನಾನು ಹೇಳಿದ್ದನ್ನು ನಾನೇ ಓದುವುದು ಎಂತಕ್ಕೆ?” ಎನ್ನುತ್ತಾರೆ. ಈ ಪದ್ಧತಿಯನ್ನು ನೆನಪಿನಲ್ಲಿಟ್ಟುಕೋ. ಮುಂದೆ ಕೆಲಸಕ್ಕೆ ಬರುತ್ತದೆ.

ಮಾವನ ಉಬ್ಬಸಕ್ಕೆ ಸಮುದ್ರದ ಗಾಳಿ ಒಳ್ಳೆಯದೆಂದು ಡಾಕ್ಟರು ಹೇಳಿದ ಲಾಗಾಯ್ತು ನಾವು ಪ್ರತಿ ಮೇ ತಿಂಗಳು ಸೋಮೇಶ್ವರದ ಕಡಲ ಬದಿಯಲ್ಲಿ ಮೊಯ್ದೀನಬ್ಬ ಸಾಹುಕಾರ್ರ ಬಂಗ್ಲೆಯನ್ನು ಹತ್ತು ದಿನಕ್ಕೆ ಹಿಡಿಯುವುದು ನಿನಗೆ ಗೊತ್ತೇ ಉಂಟು. ಬಂಗ್ಲೆ ಎಂದರೆ ಖಾಲಿ ಬಂಗ್ಲೆ. ಅಕ್ಕಿ, ತೆಂಗಿನಕಾಯಿ, ಪಾತ್ರೆ, ಚಾಪೆ ಎಲ್ಲ ನಮ್ಮದೇ. ನೇತ್ರಾವತಿಯ ಕಡವಿನಲ್ಲಿ ದೋಣಿಗೆ ಮೊದಲು ಹತ್ತುವುದು ಅರೆಯುವ ಕಲ್ಲು, ಆಮೇಲೆ ಮಾವ, ಕೊನೆಗೆ ಅಮ್ಮ. ನೀನು ಹೋದ ಮೇಲೂ ಆ ಕಲ್ಲಿಗೆ ಎರಡು ಸಲ ಹವಾ ಬದಲಾವಣೆ ಆಯಿತು. ಈಗ ಅದರ ಆರೋಗ್ಯ ಬಹಳ ಚೆನ್ನಾಗಿದೆ.

ಈ ವರ್ಷ ಆ ಬಂಗ್ಲೆಯ ಹತ್ತಿರವೇ ಎಸ್ತೆರಮ್ಮ ಎಂಬ ರಿಟೈರಾದ ಟೀಚರು ಒಂದು ಬೋರ್ಡಿಂಗ್ ತೆರೆದಿದ್ದಾರೆ. ಕೋಣೆ, ಬೆಳಗ್ಗಿನ ಕಾಫಿ, ಎರಡು ಹೊತ್ತು ಮೀನಿನ ಊಟ, ಸ್ನಾನಕ್ಕೆ ಬಿಸಿನೀರು, ಎಲ್ಲ ಸೇರಿ ದಿನಕ್ಕೆ ಒಂದೇ ದರ. ಅವರು ಅಚ್ಚು ಹಾಕಿಸಿದ ಕಾಗದವನ್ನು ನಾನು ತಂದು ಚಾವಡಿಯಲ್ಲಿ, ಶಾಸನ ಓದುವ ಗತ್ತಿನಲ್ಲಿ, ಓದಿ ಹೇಳಿದೆ. “ಊಟದ ಗಂಟೆ ಮಧ್ಯಾಹ್ನ ಹನ್ನೆರಡೂವರೆಗೆ. ಎಲ್ಲರಿಗೂ ಒಂದೇ ಮೇಜು. ಕೂರುವವರು ಕೂರಬಹುದು, ಬೇಡದವರು ಹಸಿದಿರಬಹುದು.”

ಮಾವ ಕಣ್ಣು ತೆರೆದರು. “ಬೇರೆಯವರು ಗಂಟೆ ಹೊಡೆದು ಕರೆದರೆ ನಾನು ಹೋಗಿ ಉಣ್ಣುವುದಾ? ನಾನೆಂತ ಶಾಲೆ ಮಕ್ಕಳಾ? ಬೋರ್ಡಿಂಗಿನಲ್ಲಿ ಉಣ್ಣುವುದು ದಿಕ್ಕಿಲ್ಲದವರು. ಬಂಗ್ಲೆಯಾದರೆ ನಮ್ಮದೇ ಗೇಟು, ನಮ್ಮದೇ ಮರ್ಯಾದಿ. ಅಡಿಗೆಗೆ ಕುಶಲಾ ಇದ್ದಾಳಲ್ಲ.”

“ಬೋರ್ಡಿಂಗಿನಲ್ಲಿ ಬಿಸಿನೀರು ಉಂಟಂತೆ ಮಾವ.”

“ಬಿಸಿನೀರು ಕುಶಲಾ ಕಾಯಿಸುವುದಿಲ್ವಾ?”

ಆಗ ಅಡಿಗೆ ಕೋಣೆಯ ಬಾಗಿಲಲ್ಲಿ ಆ ಕುಶಲಾ, ಅಂದರೆ ನಮ್ಮ ಅಮ್ಮ, ಕಾಣಿಸಿಕೊಂಡಳು. ಸೌಟು ಕೈಯಲ್ಲೇ ಇತ್ತು. ಅಕ್ಕ, ಮಾವ ಮಾತಾಡುವಾಗ ಅಮ್ಮ ಚಾವಡಿಗೆ ಬಂದದ್ದನ್ನು ನೀನು ಯಾವತ್ತಾದರೂ ನೋಡಿದ್ದೀಯಾ?

“ಅಣ್ಣ, ಗಂಟೆ ಹೊಡೆದರೆ ಊಟ ಮೇಜಿಗೇ ಬರ್ತದಾ ಅಲ್ಲಿ?”

“ಬರ್ತದೆ. ಅದಕ್ಕೆಂತ ಈಗ? ಬಂಗ್ಲೆಯಲ್ಲಿ ನಿನಗೆ ಎಂತ ಕಡಿಮೆಯಾಗಿದೆ?”

“ಸಮುದ್ರ” ಎಂದಳು ಅಮ್ಮ.

ಮಾವನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ. ಅಮ್ಮ ಸೌಟನ್ನು ಇನ್ನೊಂದು ಕೈಗೆ ಬದಲಾಯಿಸಿದಳು. “ಆರು ವರ್ಷ ಆಯ್ತು ಹೋಗ್ತಾ. ಅಲ್ಲಿಯ ಅಡಿಗೆ ಕೋಣೆಯ ಕಿಟಿಕಿ ತೆಂಕಕ್ಕೆ ಉಂಟು, ಸಮುದ್ರ ಪಡುವಕ್ಕೆ. ಶಬ್ದ ಕೇಳಿದ್ದೇನೆ, ನೋಡ್ಲಿಕ್ಕೆ ಪುರ್ಸೊತ್ತಾಗಲಿಲ್ಲ.” ಅಷ್ಟು ಹೇಳಿ ಒಳಗೆ ಹೋದಳು. ಸಾರು ತಳ ಹಿಡಿಯುವ ವಾಸನೆ ಬರುತ್ತಿತ್ತು.

ಮಾವ ಗಂಟಲು ಸರಿ ಮಾಡಿಕೊಂಡು, “ಬರೆ ಮಾರಾಯ. ಮೊಯ್ದೀನಬ್ಬ ಸಾಹುಕಾರ್ರಿಗೆ. ಎಂದಿನ ಹಾಗೆ ಮೇ ಹತ್ತರಿಂದ ಬಂಗ್ಲೆ ನಮಗೇ ಇರಲಿ” ಎಂದು ಕಣ್ಣು ಮುಚ್ಚಿದರು.

ನಾನು ಬರೆದೆ. ಅತ್ಯಂತ ವಿಧೇಯನಾಗಿ, ಮಾರ್ಜಿನ್ ಬಿಟ್ಟು ಬರೆದೆ. ಒಂದಲ್ಲ, ಎರಡು ಪತ್ರ ಬರೆದೆ. ಎರಡಕ್ಕೂ ಮಾವನ ರುಜು ಬಿತ್ತು. “ಎರಡು ಎಂತಕ್ಕೆ?” ಎಂದು ಕೇಳಿದರು. “ಒಂದು ನಕಲು, ರಿಕಾರ್ಡಿಗೆ” ಎಂದೆ. ರಿಕಾರ್ಡ್ ಎಂಬ ಶಬ್ದಕ್ಕೆ ಮಾವ ಎಷ್ಟು ಗೌರವ ಕೊಡುತ್ತಾರೆಂದು ನಿನಗೆ ಗೊತ್ತು.

ಮೊನ್ನೆ ಮಂಗಳವಾರ ಮೊಯ್ದೀನಬ್ಬ ಸಾಹುಕಾರ್ರು ಖುದ್ದಾಗಿ ಬಂದರು. ಕೊಡೆಯನ್ನು ಕಂಬಕ್ಕೆ ಒರಗಿಸಿ, ಕಿಸೆಯಿಂದ ಪತ್ರ ತೆಗೆದರು.

“ಎಂತ ಶೆಟ್ರೇ, ನನ್ನ ಬಂಗ್ಲೆಗೆ ಎಂತ ರೋಗ ಬಂದದ್ದು? ಆರು ವರ್ಷ ಆಗ್ತಿತ್ತು, ಈಗ ಬೇಡ್ವಾ?”

“ಬೇಡ ಅಂತ ಯಾರು ಹೇಳಿದ್ದು?”

“ನೀವೇ. ಇದಾ, ಕೇಳಿ.” ಸಾಹುಕಾರ್ರು ದೊಡ್ಡ ದನಿಯಲ್ಲಿ ಓದಿದರು. “‘ನಮ್ಮ ತಂಗಿ ಕುಶಲಾ ಆರು ವರ್ಷಗಳಿಂದ ಸಮುದ್ರವನ್ನು ಕಿವಿಯಿಂದ ಮಾತ್ರ ಕಂಡಿರುವುದರಿಂದ, ಈ ಸಲ ಕಣ್ಣಿನಿಂದಲೂ ಕಾಣಿಸಬೇಕೆಂಬ ಸದಿಚ್ಛೆಯಿಂದ ಬೋರ್ಡಿಂಗಿಗೆ ಹೋಗಲು ನಿಶ್ಚಯಿಸಿ, ತಮ್ಮ ಬಂಗ್ಲೆಯನ್ನು ಖೇದಪೂರ್ವಕ ಬಿಟ್ಟುಕೊಡುತ್ತಿದ್ದೇನೆ.’ ಅಡಿಯಲ್ಲಿ ನಿಮ್ಮದೇ ರುಜು!”

ಮಾವ ಕನ್ನಡಕ ತರಿಸಿ ಹಾಕಿಕೊಂಡರು. ಮೊದಲು ರುಜು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಮಾಡಿನ ಹಂಚುಗಳನ್ನು ಎಣಿಸುತ್ತಿದ್ದೆ. ಅಕ್ಕ, ಆ ಮನುಷ್ಯನ ಮುಂದೆ ಎರಡೇ ದಾರಿ. ಓದದೆ ರುಜು ಹಾಕಿದೆ ಎಂದು ಒಪ್ಪಿಕೊಂಡರೆ ಸಂಜೆಯೊಳಗೆ ಬಂದರಿನ ಅಂಗಡಿಗಳಿಗೆಲ್ಲ ಸುದ್ದಿ ಮುಟ್ಟುತ್ತದೆ. ಇಲ್ಲವಾದರೆ…

“ಹೌದು ಸಾಹುಕಾರ್ರೇ” ಎಂದರು ಮಾವ, ಹರಳೆಣ್ಣೆ ನುಂಗಿದ ಮುಖದಲ್ಲಿ. “ನಾನೇ ಬರೆಸಿದ್ದು. ತಂಗಿಗೆ ಸ್ವಲ್ಪ ರೆಸ್ಟ್ ಆಗಲಿ ಅಂತ.”

ಸಾಹುಕಾರ್ರ ಕಣ್ಣು ನಿಜವಾಗಿಯೂ ಒದ್ದೆಯಾಯಿತು. “ಶೆಟ್ರೇ, ನಿಮ್ಮಂಥ ಅಣ್ಣ ಸಿಗ್ಲಿಕ್ಕೆ ಪುಣ್ಯ ಬೇಕು. ಇದನ್ನು ಮನೆಗೆ ಹೋಗಿ ಹೆಂಡತಿ ಐಸಮ್ಮನಿಗೆ ಓದಿ ಹೇಳ್ತೇನೆ.” ಸ್ವಲ್ಪ ಯೋಚಿಸಿ, “ಬೇಡ, ಹೇಳುದಿಲ್ಲ. ಕೇಳಿದ್ರೆ ಅವಳೂ ಹೊರಟಾಳು” ಎಂದು ಪತ್ರವನ್ನು ಮಡಚಿ ಒಳಗಿಟ್ಟರು.

ಅವರು ಗೇಟು ದಾಟಿದ ಮೇಲೆ ಮಾವ ನನ್ನನ್ನು ಕರೆದರು. ಹೊಡೆತ ಬೀಳುತ್ತದೆಂದು ಬೆನ್ನು ತಯಾರು ಮಾಡಿಕೊಂಡು ಹೋದೆ.

“ಅಕ್ಷರ ಬಹಳ ಚಂದ ಉಂಟು, ಚಿತ್ತರಂಜನ.”

“ಎಲ್ಲ ನಿಮ್ಮ ಆಶೀರ್ವಾದ ಮಾವ.”

“ಇನ್ನು ಯಾವುದಕ್ಕೆಲ್ಲ ನನ್ನ ರುಜು ಬಿದ್ದದ್ದುಂಟು?”

“ಇಷ್ಟೇ ಮಾವ.”

ಇಷ್ಟೇ ಅಲ್ಲ. ರಿಕಾರ್ಡಿನ ನಕಲು ಎಂದು ನಾನು ಹೇಳಿದ ಎರಡನೆಯ ಪತ್ರ ಎಸ್ತೆರಮ್ಮನಿಗೆ ಹೋಗಿದೆ. ಅದರಲ್ಲಿ ನಮ್ಮ ಯಜಮಾನರು ಹೀಗೆಂದು ಬರೆದಿದ್ದಾರೆ: ‘ರೂಮು ನಂಬ್ರ ಒಂದು ನನಗೆ. ನಂಬ್ರ ಎರಡು, ತಂಗಿ ಕುಶಲಾಳಿಗೆ. ಮೂರು ಅಳಿಯ ಚಿತ್ತರಂಜನನಿಗೆ. ನಾಲ್ಕು, ಕಲ್ಲಿಕೋಟೆಯಿಂದ ಬರಲಿರುವ ನಮ್ಮ ಮನೆಯ ಮಗಳು ಗುಲಾಬಿ, ಅವಳ ಗಂಡ ಆಂಬ್ರೋಸ್ ಮತ್ತು ಮಗು ಒಂದಕ್ಕೆ. ಮಗುವಿಗೆ ಬೆಳಗ್ಗೆ ಸಂಜೆ ಹಾಲು ಬೇಕು.’

ಈಗ ತಿಳಿಯಿತಾ, ನಾನು ಬೋರ್ಡಿಂಗಿನ ಪರ ಯಾಕೆ ಇಷ್ಟು ವಕಾಲತ್ತು ಮಾಡಿದೆನೆಂದು? ಬಂಗ್ಲೆಗೆ ಮಾವ ಹೇಳಿದ ಹಾಗೆ ‘ನಮ್ಮದೇ ಗೇಟು’ ಉಂಟು. ಮಾವ ಬೇಡ ಎಂದರೆ ನೀನು ಆ ಗೇಟಿನ ಹೊರಗೆ. ಬೋರ್ಡಿಂಗಿಗೆ ಗೇಟಿಲ್ಲ. ಅಲ್ಲಿ ಯಾರೂ ಯಜಮಾನರಲ್ಲ, ಎಸ್ತೆರಮ್ಮನ ಗಂಟೆಯೊಂದೇ ಯಜಮಾನ. ಊರಿನ ನಾಲ್ಕು ಜನ ಮೇಜಿನ ಸುತ್ತ ಕೂತಿರುವಾಗ, ಪಕ್ಕದ ರೂಮಿನಲ್ಲಿರುವ ಹೆಂಗಸನ್ನು ಏಳು ಎನ್ನಲು ಮಾವನಿಂದ ಆಗುವುದಿಲ್ಲ. ಎಂದರೂ ನೀನು ಏಳಬೇಕೆಂದಿಲ್ಲ. ಎಲ್ಲ ಸೇರಿದ ದರ ಅದು, ನೀನೂ ಸೇರಿ.

ಬರುವ ದಾರಿ ಹೇಳುತ್ತೇನೆ. ಮಂಗಳೂರಿನ ತನಕ ಬರಬೇಡ. ಉಳ್ಳಾಲದ ಸ್ಟೇಷನ್ನಿನಲ್ಲೇ ಇಳಿದುಬಿಡು. ಮೇ ಹತ್ತು ಗುರುವಾರ, ಗಂಟೆ ಹೊಡೆಯುವ ಮೊದಲು ಬಂದು ಅಮ್ಮನ ಪಕ್ಕದ ಕುರ್ಚಿ ಹಿಡಿ. ನೀನು ಬರುವುದನ್ನು ಅಮ್ಮನಿಗೆ ನಾನು ಹೇಳಿಲ್ಲ, ಬೋರ್ಡಿಂಗಿಗೆ ಹೋಗುವುದಷ್ಟೇ ಅವಳಿಗೆ ಗೊತ್ತು. ನಿನ್ನೆ ದೋಣಿಯವನು ಕೇಳಿದಾಗ “ಈ ಸಲ ಕಲ್ಲು ಇಲ್ಲ” ಎಂದಳು. ಹೇಳುವಾಗ ಅವಳ ಮುಖ ನೋಡಬೇಕಿತ್ತು ನೀನು. ಜಿಲ್ಲಾ ಕಲೆಕ್ಟರರ ಅಪ್ಪಣೆಯ ಹಾಗಿತ್ತು.

ಮಾವ ಸಿಟ್ಟಾಗುತ್ತಾರೆ. ಆಗಲಿ. ನನ್ನನ್ನು ಮನೆಯಿಂದ ಹೊರಗೆ ಹಾಕುತ್ತೇನೆ ಎನ್ನುತ್ತಾರೆ. ಹಾಕಲಿ. ಹಾಗೆಂದು ಯಾರಿಗಾದರೂ ಪತ್ರ ಬರೆಸಬೇಕಾದರೂ ನನ್ನನ್ನೇ ಕರೆಯಬೇಕಷ್ಟೆ.

ಆಂಬ್ರೋಸ್ ಭಾವನಿಗೆ ನನ್ನ ನಮಸ್ಕಾರ ತಿಳಿಸು. ಮಾವನ ಜೊತೆ ಏನು ಮಾತಾಡುವುದೆಂದು ಅವರು ಹೆದರಿದರೆ, ಉಬ್ಬಸದ ಬಗ್ಗೆ ಕೇಳಲಿ. ಊಟ ಮುಗಿಯುವ ತನಕ ಬೇರೆ ವಿಷಯ ಬೇಕಾಗುವುದಿಲ್ಲ. ಮಗುವಿನ ಹೆಸರೇನೆಂದು ಗ್ಲ್ಯಾಡಿಸ್ ಬಾಯಿಯನ್ನು ಕೇಳಿದೆ. “ತುಳು, ಕೊಂಕಣಿ ಎರಡೂ ಮಾತಾಡ್ತಾಳೆ. ಹೆಸರು ನೀನೇ ಹೋಗಿ ಕೇಳು, ಎರಡು ವರ್ಷ ಎಲ್ಲಿ ಸತ್ತಿದ್ದಿ?” ಎಂದರು. ಸರಿಯಾಗಿಯೇ ಕೇಳಿದರು. ಹೆಸರು ತಿಳಿಯದ ಆ ನನ್ನ ಸೊಸೆಗೆ ಅವಳ ಒಬ್ಬನೇ ಸೋದರಮಾವನ ಪೂರ್ಣ ಆಶೀರ್ವಾದ. ನಮ್ಮ ಕಟ್ಟಿನ ಪ್ರಕಾರ ಮುಂದೊಂದು ದಿನ ಅವಳ ಯಜಮಾನ ನಾನೇ. ಹೆದರಬೇಡ ಎಂದು ಹೇಳು. ನಾನು ಓದದೆ ಯಾವುದಕ್ಕೂ ರುಜು ಹಾಕುವುದಿಲ್ಲ.

ಇಂತೀ ನಿನ್ನ ವಿಧೇಯ, ಅವಿಧೇಯ ತಮ್ಮ
ಚಿತ್ತರಂಜನ

ತಾ. ಕ.: ಮೂರನೆಯ ಕಾರಣ.

ಎರಡು ವರ್ಷದ ಹಿಂದೆ, ಮಗು ಹುಟ್ಟಿ ಮೂರು ತಿಂಗಳಾದಾಗ, ಅದನ್ನು ಅಮ್ಮನಿಗೆ ತೋರಿಸಲು ಬರಲೇ ಎಂದು ನೀನು ಮಾವನಿಗೆ ಬರೆದಿದ್ದೆ. ಹೋದ ಉತ್ತರದಲ್ಲಿ ಒಂದೇ ಸಾಲಿತ್ತು. ‘ಗುಲಾಬಿ ಎಂಬ ಹೆಸರಿನವರು ಈ ಮನೆಯಲ್ಲಿ ಹುಟ್ಟಿಯೇ ಇಲ್ಲ.’ ಅಕ್ಷರ ನನ್ನದೆಂದು ನಿನಗೆ ಕಂಡಕೂಡಲೇ ಗೊತ್ತಾಗಿರುತ್ತದೆ. ಮಾವ ಹೇಳಿದ್ದನ್ನು ಪಾಪ ತಮ್ಮ ಬರೆದ ಎಂದುಕೊಂಡಿರುತ್ತೀ.

ಮಾವ ಹಾಗೆ ಹೇಳಲಿಲ್ಲ ಅಕ್ಕ. ಕಣ್ಣು ಮುಚ್ಚಿಕೊಂಡು ಅವರು ಹೇಳಿದ್ದು, “ಸದ್ಯ ಬರುವುದು ಬೇಡ ಅಂತ ಬರೆ. ಮಳೆಗಾಲ ಕಳೆಯಲಿ, ನೋಡುವ.” ಇಷ್ಟೇ. ಅದು ನನಗೆ ಸಪ್ಪೆ ಅನ್ನಿಸಿತು. ನಾನಾಗ ಹದಿನೇಳರವನು. ನೀನು ನನಗೆ ಒಂದು ಮಾತೂ ಹೇಳದೆ ಮದುವೆಯಾಗಿ ಹೋದೆ ಎಂಬ ಸಿಟ್ಟೂ ಇತ್ತು. ಒಂದು ಗಂಭೀರವಾದ ಸಾಲು ಹೊಳೆಯಿತು, ಬರೆದೆ. ಮಾವ ಓದದೆ ರುಜು ಹಾಕಿದರು. ಮಳೆಗಾಲ ಕಳೆಯಿತು. ನಿನ್ನಿಂದ ಉತ್ತರ ಬರಲಿಲ್ಲ. “ಅಷ್ಟೊಂದು ಅಹಂಕಾರವಾ ಅವಳಿಗೆ?” ಎಂದು ಮಾವ ನಿನ್ನ ಹೆಸರು ಎತ್ತುವುದನ್ನೇ ಬಿಟ್ಟರು. ಅಮ್ಮ ಈಗಲೂ ನನ್ನನ್ನು ಕೇಳುತ್ತಾಳೆ, “ಗುಲಾಬಿಗೆ ನನ್ನ ಮೇಲೆ ಎಂತ ಸಿಟ್ಟು ಮಗಾ?” ಎಂದು. ನನಗೆ ಗೊತ್ತಿಲ್ಲ ಎನ್ನುತ್ತೇನೆ.

ಗುರುವಾರ ಎಲ್ಲರೂ ಮೇಜಿಗೆ ಕೂತ ಮೇಲೆ ಇದನ್ನು ಮಾವನಿಗೂ ಅಮ್ಮನಿಗೂ ಹೇಳುತ್ತೇನೆ. ನೀನು ಎದುರಿಗೆ ಕೂತಿರಬೇಕು. ಆಮೇಲೆ ಬೇಕಾದರೆ ಮೇಜಿನಿಂದ ಏಳು ಎಂದು ಎಲ್ಲರೂ ನನಗೇ ಹೇಳಿ.

ಇದನ್ನು ಯಾರೂ ಹೇಳಿ ಬರೆಸಿದ್ದಲ್ಲ. ಎರಡು ಸಲ ಓದಿದ್ದೇನೆ. ಓದಿದ ಮೇಲೆಯೇ ಇನ್ನೊಮ್ಮೆ ರುಜು ಹಾಕುತ್ತಿದ್ದೇನೆ.

ಚಿತ್ತರಂಜನ