ಹಿಮ್ಮಡಿ ತಾನಾಗಿ ಬರುತ್ತದೆ

ಏಪ್ರಿಲ್ 26, ಬುಧವಾರ. ಬೆಳಿಗ್ಗೆ

ಬಕೆಟ್‌ನಲ್ಲಿ ಬಿಸಿನೀರು, ಅದಕ್ಕೆ ಒಂದಿಷ್ಟು ವಿನೆಗರ್. ನನ್ನ ಮಗ ಪ್ರಖ್ಯಾತನ ಬಲಗಾಲು ಅದರೊಳಗೆ. ಬುಧವಾರ ಬಂತೆಂದರೆ ಇದೇ ಕೆಲಸ. ಬೆರಳಿಂದ ತೊಡೆಯವರೆಗೆ ಹಾಕಿದ ಪ್ಲಾಸ್ಟರ್ ನೆನೆಸಿ, ತುದಿ ಹುಡುಕಿ, ಸುತ್ತು ಸುತ್ತಾಗಿ ಬಿಚ್ಚಬೇಕು. ಅತ್ತೆ ಮಗುವನ್ನು ತೊಡೆಯ ಮೇಲೆ ಹಿಡಿದು ಕೂತಿದ್ದಾರೆ. ನೆನೆಯುವವರೆಗೆ ನನಗೆ ಬೇರೆ ಕೆಲಸವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ತುದಿ ಸಿಕ್ಕಿತು —

ಸಂಜೆ

ಗಂಗೊಳ್ಳಿಯಿಂದ ಕುಂದಾಪುರಕ್ಕೊಂದು ಬಸ್, ಅಲ್ಲಿಂದ ಬ್ರಹ್ಮಾವರದ ಕ್ಲಿನಿಕ್‌ಗೆ ಇನ್ನೊಂದು. ಬಸ್ಸಿನಲ್ಲಿ ನಮಗೆ ಕೂಡಲೇ ಸೀಟು. ವಾಪಸ್ ಬರುವಾಗ ಹೊಸ ಪ್ಲಾಸ್ಟರ್ ಕಂಡು ಸೀಟು ಬಿಟ್ಟವರೆಲ್ಲ ಕೇಳುತ್ತಾರೆ, "ಬಿದ್ದದ್ದಾ?" ಹುಟ್ಟಿ ತಿಂಗಳಾಗಿದೆಯಷ್ಟೆ, ಎಲ್ಲಿಂದ ಬೀಳುವುದು! ಹುಟ್ಟುವಾಗಲೇ ಪಾದ ಒಳಕ್ಕೆ ತಿರುಗಿತ್ತು, ಅಂಗಾಲು ಇನ್ನೊಂದು ಕಾಲನ್ನು ನೋಡುತ್ತಿತ್ತು — ಇಷ್ಟನ್ನೂ ಬಸ್ಸಿಗೆಲ್ಲ ಹೇಳುವ ಮನಸ್ಸಿಲ್ಲ. ಹೌದು, ಬಿದ್ದ ಅಂದೆ.

ಇವತ್ತು ಡಾಕ್ಟರ ಕೈಯನ್ನೇ ನೋಡುತ್ತಾ ಕೂತೆ. ಒಂದು ಹೆಬ್ಬೆರಳು ಪಾದದ ಹೊರಗಡೆ ಒಂದೇ ಒಂದು ಜಾಗದಲ್ಲಿ. ಇನ್ನೊಂದು ಕೈ ಪಾದದ ಮುಂಭಾಗವನ್ನು ಹೊರಕ್ಕೆ... ಎಳೆಯುವುದಲ್ಲ. ಸುಮ್ಮನೆ ಹಿಡಿದುಕೊಳ್ಳುವುದು. ಕಡುಬಿನ ಅಂಚು ಒತ್ತುವಷ್ಟೂ ಬಲ ಇಲ್ಲ. ಮಗು ಹಾಲು ಚೀಪುತ್ತಲೇ ಇದ್ದ, ಅಳಲೇ ಇಲ್ಲ. ಹಾಗೇ ಹಿಡಿದುಕೊಂಡು ಮೇಲಿಂದ ಹೊಸ ಪ್ಲಾಸ್ಟರ್.

"ಹಿಮ್ಮಡಿ ಹಾಗೇ ಓರೆ ಇದೆಯಲ್ಲ, ಅದನ್ನು ಯಾವಾಗ ಹಿಡಿಯುವುದು ಡಾಕ್ಟ್ರೇ?" ಅಂದೆ.

"ಅದನ್ನು ಮುಟ್ಲಿಕ್ಕೇ ಇಲ್ಲ. ಮುಂದಿನದನ್ನು ಸರಿಯಾಗಿ ಹಿಡಿದ್ರೆ ಹಿಮ್ಮಡಿ ತಾನಾಗಿ ಬರ್ತದೆ."

ಬಟ್ಟೆ ಡಿಸೈನ್ ಮಾಡುವ ನನ್ನ ಕಸುಬಿನಲ್ಲಿ ಹೀಗಾಗುವುದನ್ನು ಕಂಡಿಲ್ಲ. ಹೆಗಲು ಸರಿ ಮಾಡಿದರೆ ಸೊಂಟ ತಾನಾಗಿ ಸರಿಯಾಗುವ ಬ್ಲೌಸ್ ಯಾರಾದರೂ ಹೊಲಿದಿದ್ದರೆ ತೋರಿಸಲಿ!

ಏಪ್ರಿಲ್ 29, ಶನಿವಾರ

ಬೈಂದೂರಿನ ಮದುಮಗಳ ಬ್ಲೌಸ್. ಬೆನ್ನಿಗೆ ಬಲೆಯ ಕಣ್ಣಿನ ಡಿಸೈನ್ ಬಿಡಿಸಿದ್ದೇನೆ, ಗಂಟು ಗಂಟಿಗೆ ಒಂದು ಮುತ್ತು. ವಾಟ್ಸಾಪ್‌ನಲ್ಲಿ ಅವಳಿಗೆ ಕಳಿಸಿದೆ. ಹನ್ನೊಂದು ಹೃದಯ ಬಂತು. ಬಾಣಂತಿಗೆ ಇಷ್ಟು ಸಾಕು.

ಟೇಲರ್ ಸುಗುಣ ಬಟ್ಟೆ ಹಾಸಿ ಕಾಯುತ್ತಿದ್ದಳು. "ಅಕ್ಕ, ಈ ಬೆನ್ನಿನ್ ಕಟ್ಟಿಂಗ್ ನೀವೇ ಮಾಡಿ. ನಂಗ್ ಹೆದ್ರಿಕಿ ಆತ್ತ್."

"ನೀನೇ ಮಾಡ್. ನಂಗೆ ಕೈ ನೋವ್."

ಸುಳ್ಳು. ಕೈಗೆ ಏನೂ ಆಗಿಲ್ಲ. ಮಗು ಹುಟ್ಟಿದ ಮೇಲೆ ನಾನು ಕತ್ತರಿ ಮುಟ್ಟಿಲ್ಲ.

ಹೋದ ದೀಪಾವಳಿಗೆ ಸೂರ್ಯಗ್ರಹಣ. ಬಸುರಿ ಗ್ರಹಣದ ಹೊತ್ತಲ್ಲಿ ಏನೂ ಕತ್ತರಿಸಬಾರದು, ಕತ್ತರಿಸಿದರೆ ಮಗುವಿಗೆ ಊನ — ಹೆಮ್ಮಾಡಿಯಿಂದ ಶಿರೂರಿನವರೆಗೆ ಯಾವ ಮನೆಯಲ್ಲಿ ಕೇಳಿದರೂ ಇದೇ ಮಾತು. ನಾನು ಮಂಗಳೂರಲ್ಲಿ ಡಿಪ್ಲೊಮಾ ಮಾಡಿದವಳು, ದೊಡ್ಡ ಜನ! ಮರುದಿನ ಬ್ಲೌಸೊಂದರ ಡೆಲಿವರಿ ಇತ್ತು. ಅತ್ತೆ ದೇವರ ಕೋಣೆಯಲ್ಲಿದ್ದಾಗ ಎರಡು ತೋಳು ಕತ್ತರಿಸಿ ಮುಗಿಸಿದೆ. ಸದ್ದು ಕೇಳಿ ಓಡಿ ಬಂದರು. "ಬಸ್ರಿ ಹೆಂಗ್ಸ್ ಗ್ರಹಣದಂಗೆ ಕತ್ರಿ ಹಿಡೂದಾ ಹೆಣ್ಣೇ!" ನಕ್ಕುಬಿಟ್ಟಿದ್ದೆ.

ಮಾರ್ಚಿನಲ್ಲಿ ನರ್ಸ್ ಮಗುವಿನ ಬಟ್ಟೆ ಸರಿಸಿ ಕಾಲು ತೋರಿಸಿದಳು. ಅತ್ತೆ ಏನೂ ಅನ್ನಲಿಲ್ಲ. ಮನೆಗೆ ಬಂದು ನೋಡಿದರೆ ನನ್ನ ದೊಡ್ಡ ಕತ್ತರಿ ಜಾಗದಲ್ಲಿಲ್ಲ. ಎಲ್ಲಿ ಅಂತ ನಾನೂ ಕೇಳಲಿಲ್ಲ.

ನಂಬುವುದಿಲ್ಲ. ಆದರೆ ಕತ್ತರಿ ಕಂಡರೆ ಕೈ ತಣ್ಣಗಾಗುತ್ತದೆ. ನನ್ನಿಂದಲೇ ಆಯಿತಾ?

ಮೇ 3, ಬುಧವಾರ

ಪ್ಲಾಸ್ಟರ್ ಬಿಚ್ಚಿದ ಮೇಲೆ ಪ್ರತಿ ವಾರ ಪಾದವನ್ನು ಪ್ಯಾಟರ್ನ್ ಪೇಪರ್ ಮೇಲಿಟ್ಟು ಸುತ್ತ ಗೆರೆ ಎಳೆಯುತ್ತೇನೆ. ಅತ್ತೆಗೆ ಇದು ಹುಚ್ಚು. ಮೊದಲ ವಾರ ಪಾದದ ಹೊರ ಅಂಚು ತೋಳು ಕೂಡಿಸುವ ಆರ್ಮ್‌ಹೋಲ್‌ನಷ್ಟು ಬಾಗಿತ್ತು. ಇವತ್ತು ಸೊಂಟದ ಗೆರೆಯಷ್ಟೇ ಬಾಗು. ಸ್ಕೇಲ್ ಇಟ್ಟು ನೋಡಿದೆ. ತೆಗೆದೆ. ಮತ್ತೆ ಇಟ್ಟೆ.

ಒಳಗಿರುವುದು ಎಲುಬಂತೆ. ಎಲುಬು! ಇನ್ನೂ ಮೆತ್ತಗಿರುತ್ತದೆ, ಹಿಡಿದಲ್ಲಿಗೆ ಬರುತ್ತದೆ, ಅಲ್ಲಿಯೇ ಬೆಳೆಯುತ್ತದೆ ಅಂದರು ಡಾಕ್ಟರು. ನನ್ನ ಮಗ ಹಾಲು ಕುಡಿದು ಮಲಗಿದ್ದಾನೆ, ಒಳಗೆ ಕಾಲು ತಯಾರಾಗುತ್ತಿದೆ. ಮೈ ಜುಮ್ಮೆನ್ನುತ್ತದೆ.

ಪ್ರಖ್ಯಾತನ ಅಪ್ಪ ರತನ್ ಮೀನಿನ ಬೋಟಿನಿಂದ ಫೋನ್ ಮಾಡಿದ್ದ. ಎಂಜಿನ್ ಸದ್ದಿನ ನಡುವೆ ಒಂದೇ ಪ್ರಶ್ನೆ. "ಸಮ ಆತಿತ್ತಾ?" ಆತಿತ್ತ್ ಮಾರಾಯಾ, ಆತಿತ್ತ್.

ಮೇ 10, ಬುಧವಾರ

ಇದನ್ನು ಬರೆಯದೆ ಕೂರಲಾಗುವುದಿಲ್ಲ.

ಕ್ಲಿನಿಕ್‌ನಲ್ಲಿ ಪಕ್ಕದ ಬೆಂಚಿಗೆ ಒಬ್ಬಳು ಹುಡುಗಿ ಬಂದು ಕೂತಳು. ನವ್ಯಶ್ರೀ, ಉಪ್ಪುಂದದವಳು. ಮಡಿಲಲ್ಲಿ ಹೆಣ್ಣುಮಗು, ನಮ್ಮವನಷ್ಟೇ ದೊಡ್ಡದು. ಎರಡೂ ಕಾಲು ಒಳಕ್ಕೆ. ಮೊದಲ ಪ್ಲಾಸ್ಟರ್ ಇವತ್ತು. ತುಂಬಾ ಹೊತ್ತು ನನ್ನನ್ನೇ ನೋಡಿ, ದನಿ ತಗ್ಗಿಸಿ ಕೇಳಿದಳು.

"ಅಕ್ಕ, ನೀವ್ ಗ್ರಹಣದ್ ದಿನ ಎಂತಾರೂ ಕೊಯ್ದಿದ್ರ್ಯಾ?"

ಯಾರೂ ನನ್ನನ್ನು ಹೀಗೆ ನೇರ ಕೇಳಿರಲಿಲ್ಲ. ಬಾಯಿಂದ ಬಂದೇಬಿಟ್ಟಿತು. "ಹೌದ್. ಬಟ್ಟಿ ಕೊಯ್ದಿದ್ದೆ."

ಬೈಯುತ್ತಾಳೆ, ಇಲ್ಲ ಎದ್ದು ಬೇರೆ ಬೆಂಚಿಗೆ ಹೋಗುತ್ತಾಳೆ ಅಂದುಕೊಂಡೆ. ಅವಳ ಕಣ್ಣಲ್ಲಿ ನೀರು ತುಂಬಿತು.

"ನಾನ್ ಎಂತದೂ ಮಾಡ್ಲಿಲ್ಲ ಅಕ್ಕ. ಕತ್ಲಿ ಕೋಣೆಯಂಗೆ ಮಲ್ಕಂಡಿದ್ದೆ. ಹೊಟ್ಟಿ ಮೇಲ್ ದರ್ಬೆ. ನೀರ್ ಸಹ ಕುಡೀಲಿಲ್ಲ. ಮಗ್ಗುಲ್ ಬದ್ಲ್ಸಿರೆ ಮಗುವಿನ್ ಕಾಲ್ ತಿರ್ಗತ್ತ್ ಅಂದಿರ್... ಅದ್ನೂ ಮಾಡ್ಲಿಲ್ಲ. ಮೈ ಮರಗಟ್ಟಿತ್ತ್. ಆದ್ರೂ ಹೀಂಗ್ ಆಯ್ತಲೆ."

ನಾನು ಅವಳ ಕೈ ಹಿಡಿದುಕೊಂಡೆ. ಎದುರಿಗೆ ಮೂರು ಪಾದ. ನನ್ನ ಮಗನದೊಂದು, ಅವಳ ಮಗಳದೆರಡು. ಹುಟ್ಟುವಾಗ ಒಂದೇ ತಿರುವು, ಒಂದೇ ಕೋನ. ಎಲ್ಲ ತಪ್ಪನ್ನೂ ಮಾಡಿದವಳು ನಾನು, ಒಂದು ತಪ್ಪನ್ನೂ ಮಾಡದವಳು ಅವಳು.

ಮೇ 11, ಗುರುವಾರ

ಅತ್ತೆ ಹಿತ್ತಲಲ್ಲಿ ಬಂಗುಡೆ ಕೊಯ್ಯುತ್ತಿದ್ದರು. ಎದುರು ಕೂತು ನವ್ಯಶ್ರೀಯ ಕಥೆ ಪೂರ್ತಿ ಹೇಳಿದೆ. ಕತ್ತಿ ನಿಂತಿತು.

"ನೀರ್ ಸಹ ಕುಡೀಲಿಲ್ಯಾ?"

"ಇಲ್ಲ ಅತ್ತೆ."

"ಎರಡೂ ಕಾಲಾ?"

"ಎರಡೂ."

ಮೀನಿನ ತಲೆ ಬೆಕ್ಕಿಗೆ ಎಸೆದರು. ಇನ್ನೊಂದು ಮೀನು ತೆಗೆದುಕೊಂಡರು, ಕೊಯ್ಯಲಿಲ್ಲ, ಕೈಯಲ್ಲೇ ಹಿಡಿದು ಕೂತರು. "ನಾನ್ ನಿಂಗೆ ಎಂತದೂ ಹೇಳ್ಲಿಲ್ಲ ಅಲ್ದಾ?"

"ಹೇಳ್ಲಿಲ್ಲ."

"ಮನ್ಸೊಳ್ಗೆ ಹೇಳಿದ್ದೆ. ದಿನಾ ಹೇಳಿದ್ದೆ."

ಗೊತ್ತಿತ್ತು. ಆದರೂ ಅವರ ಬಾಯಿಂದಲೇ ಬಂದದ್ದು ಕೇಳಿ ಅಳು ಬಂತು, ಒಂಥರಾ ಹಗುರವೂ ಆಯಿತು. ಇಬ್ಬರೂ ಅಲ್ಲೇ ಕೂತೆವು. ಬೆಕ್ಕಿಗೆ ಹಬ್ಬ.

ಮೇ 24, ಬುಧವಾರ

ಪಾದ ನೆಟ್ಟಗಾಗಿದೆ. ಯಾರೂ ಮುಟ್ಟದ ಹಿಮ್ಮಡಿಯೂ ಓರೆ ಬಿಟ್ಟು ನಡುವಿಗೆ ಬಂದಿದೆ. ತಾನಾಗಿ! ಡಾಕ್ಟರು ಹೇಳಿದ್ದು ನಿಜ. ಆದರೆ ಕೆಳಗೆ ಇಳಿದಿಲ್ಲ, ಬೆರಳ ತುದಿಯಲ್ಲಿ ನಿಂತವರ ಹಾಗೆ ಮೇಲಕ್ಕೇ ಇದೆ. ಹಿಮ್ಮಡಿಯ ಹಿಂದಿನ ನಾರು ಬಿಗಿ.

"ಮುಂದಿನ ವಾರ ಅದನ್ನು ಕತ್ತರಿಸ್ತೇನೆ," ಅಂದರು ಡಾಕ್ಟರು, ಹಾಲು ತರುತ್ತೇನೆ ಅನ್ನುವಷ್ಟು ಸಲೀಸಾಗಿ.

ಮನೆಗೆ ಬಂದು ಹೇಳಿದೆ. ಅತ್ತೆ ಮಗುವನ್ನು ನನ್ನ ಕೈಯಿಂದ ಎತ್ತಿಕೊಂಡರು. "ಕೊಯ್ಯೂದಾ? ಆ ಸಣ್ ಕಾಲ್ನಾ?"

ಮೇ 31, ಬುಧವಾರ

ಮುಗಿಯಿತು. ನಾನು ಹೊರಗೆ ಕೂತು ಮೂಕಾಂಬಿಕೆಗೆ ಹರಕೆ ಹೇಳಿಕೊಳ್ಳಬೇಕು ಅನ್ನುವಷ್ಟರಲ್ಲೇ ಬಾಗಿಲು ತೆರೆಯಿತು. ಗಾಯ ಎಷ್ಟು ದೊಡ್ಡದು ಅಂದೆ. ಡಾಕ್ಟರು ಬೆರಳಲ್ಲಿ ಅಳತೆ ತೋರಿಸಿದರು, ಗುಂಡಿಯ ಕಾಜಕ್ಕಿಂತ ಸಣ್ಣದು.

"ಹೊಲಿಗೆ ಎಷ್ಟು?"

"ಹೊಲಿಗೆ ಇಲ್ಲ."

"ಮತ್ತೆ ಆ ನಾರು ಕೂಡುವುದು ಹೇಗೆ?"

"ಅದೇ ಬೆಳೆದು ಕೂಡ್ತದೆ. ಮೂರು ವಾರ ಪ್ಲಾಸ್ಟರ್. ಬಿಚ್ಚುವಾಗ ಬೇಕಾದಷ್ಟು ಉದ್ದ ಆಗಿರ್ತದೆ."

ಹನ್ನೆರಡು ವರ್ಷದಿಂದ ಕತ್ತರಿಸಿದ್ದನ್ನು ಕೂಡಿಸುವುದೇ ನನ್ನ ಕಸುಬು. ಒಂದು ತುಂಡು ಗಿಡ್ಡವಾದರೆ ಬೇರೆ ಬಟ್ಟೆ ತಂದು ಜೋಡಿಸಬೇಕು, ಜೋಡಿಸಿದ್ದು ಕಾಣದ ಹಾಗೆ ಲೇಸ್ ಇಡಬೇಕು. ಇಲ್ಲಿ ಕತ್ತರಿಸಿ ಬಿಟ್ಟರೆ ಸಾಕಂತೆ, ನಡುವಿನ ಜಾಗವನ್ನು ಅದೇ ತುಂಬಿಕೊಳ್ಳುತ್ತದಂತೆ.

ಹಿಮ್ಮಡಿ ಇಳಿಯುವುದಕ್ಕೂ ಒಂದು ಕತ್ತರಿ ಬೇಕಾಯಿತು.

ಜೂನ್ 9, ಶುಕ್ರವಾರ

ಮಳೆಗಾಲದ ರಜೆ, ಬೋಟು ದಡಕ್ಕೆ. ರತನ್ ಮನೆಯಲ್ಲಿ. ಪ್ಲಾಸ್ಟರಿಗೆ ಕಿವಿ ಇಟ್ಟು ಕೂತಿದ್ದ, ಎಂಜಿನ್ನಿಗೆ ಇಡುವ ಹಾಗೆಯೇ.

"ಎಂತ ಕೇಂತ್?"

"ಒಳ್ಗೆ ಬೆಳೀತಾ ಇತ್ತಲ್ದಾ ಈಗ?" ತಮಾಷೆ ಅಲ್ಲ. ಮುಖದಲ್ಲಿ ನಗು ಇರಲಿಲ್ಲ.

ನಾನೂ ಇನ್ನೊಂದು ಕಡೆಯಿಂದ ಕಿವಿ ಇಟ್ಟೆ. ಏನೂ ಕೇಳಲಿಲ್ಲ. ಹಾಗೇ ಇದ್ದೆವು ಇಬ್ಬರೂ.

ಜೂನ್ 21, ಬುಧವಾರ

ಬಿಚ್ಚಿದೆವು.

ಪಾದ. ಎಲ್ಲರಿಗೂ ಇರುವಂಥದೇ ಪಾದ. ಹಿಮ್ಮಡಿ ಕೆಳಗೆ, ಬೆರಳು ಮೇಲೆ. ಹಿಂದಿನ ನಾರು ಸವರಿದೆ, ತಂತಿಯ ಹಾಗೆ ಸಿಕ್ಕಿತು, ಗಂಟಿಲ್ಲ. ಅತ್ತೆ ಆ ಪಾದವನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ಎಪ್ಪತ್ತು ಬುಟ್ಟಿ ಮೀನು ಕಂಡರೂ ಬಾಯಿ ಬಿಡದ ಹೆಂಗಸು. "ದೇವ್ರೇ... ಕಾಣ್ ಹೆಣ್ಣೇ, ಕಾಣ್," ಅಷ್ಟೇ.

ಇನ್ನು ಬ್ರೇಸ್. ಎರಡು ಶೂ, ನಡುವೆ ಒಂದು ಕಬ್ಬಿಣದ ಪಟ್ಟಿ. ಸ್ನಾನಕ್ಕೆ ಒಂದು ತಾಸು ಬಿಟ್ಟರೆ ಇಡೀ ದಿನ ಹಾಕಿರಬೇಕು. ಮೂರು ತಿಂಗಳು. ಆಮೇಲೆ ಮಲಗುವಾಗ ಮಾತ್ರ, ಒಂದಷ್ಟು ವರ್ಷ. ಬಿಟ್ಟರೆ ಪಾದ ವಾಪಸ್ ತಿರುಗುತ್ತದಂತೆ. ಅದು ಮಾತ್ರ ಹೆದರಿಕೆ.

ಮನೆಗೆ ಬಂದು ಚಡ್ಡಿ ಹಾಕಲು ಹೋದರೆ... ಹೋಗುವುದೇ ಇಲ್ಲ! ಪಟ್ಟಿ ಅಡ್ಡ. ಹೊರಗೆ ಧೋ ಅಂತ ಮಳೆ, ಮಗುವಿನ ಕಾಲು ತಣ್ಣಗೆ. ರತನ್ ಬ್ರೇಸ್ ಬಿಚ್ಚಿ ಹಾಕೋಣ ಅಂದ. ಬೇಡವೇ ಬೇಡ ಅಂದೆ.

ಜೂನ್ 22, ಗುರುವಾರ

ಬೆಳಿಗ್ಗೆಯೇ ಡಿಸೈನ್ ಬಿಡಿಸಿದೆ. ಕಾಲಿನ ಒಳಗಡೆ ಪೂರ್ತಿ ತೆರೆಯುವ ಇಜಾರ, ಒಂದು ಕಾಲಿನಿಂದ ಇನ್ನೊಂದು ಕಾಲಿನವರೆಗೂ ಒತ್ತಿದರೆ ಮುಚ್ಚುವ ಟಿಚ್ ಬಟನ್. ಹಾಸಿ, ಮೇಲೆ ಮಲಗಿಸಿ, ಮುಚ್ಚಿದರೆ ಮುಗಿಯಿತು. ಬ್ರೇಸ್ ಬಿಚ್ಚುವುದೇ ಬೇಡ. ಪ್ಯಾಟರ್ನ್ ತಯಾರು. ಸುಗುಣ ರಜೆ, ಅಕ್ಕನ ಮನೆಯಲ್ಲಿ ಸೀಮಂತ.

ಮೇಜಿನ ಮುಂದೆ ನಿಂತೇ ಇದ್ದೆ. ಅತ್ತೆ ಬಂದರು. ಒಂದು ಕೈಯಲ್ಲಿ ಅವರ ಹಳೇ ಕಾಟನ್ ಸೀರೆ, ಒಗೆದು ಒಗೆದು ಮೆತ್ತಗಾದದ್ದು. ಇನ್ನೊಂದು ಕೈಯಲ್ಲಿ ಅಟ್ಟದ ಧೂಳು ಒರೆಸಿದ ನನ್ನ ಕತ್ತರಿ.

"ಕೊಯ್ಯ್."

"ಅತ್ತೆ..."

"ಎಂತ ಕಾಂತಿದ್ದೆ ಮಾರಾಯ್ತಿ? ಮಗುವಿಗ್ ಚಳಿ ಆತಿತ್ತ್. ಕೊಯ್ಯ್ ಅಂದೆ."

ಸೀರೆ ಅವರೇ ಹಾಸಿ, ಎರಡೂ ಕೈಯಿಂದ ಅಂಚು ಹಿಡಿದರು. ಕತ್ತರಿಸಿದೆ. ಮೊದಲ ಇಂಚು ಓರೆ ಹೋಯಿತು, ಆಮೇಲೆ ಕೈಗೆ ತನ್ನ ಕೆಲಸ ನೆನಪಾಯಿತು. ಉದ್ದಕ್ಕೆ ಒಂದೇ ಉಸಿರಿಗೆ. ಎಂಥ ಸುಖ ಆ ಸದ್ದು! ಮರೆತೇ ಹೋಗಿತ್ತು.

ಸೀರೆ ಉಳಿದಿತ್ತು. ಇನ್ನೊಂದನ್ನೂ ಕತ್ತರಿಸಿದೆ. ಉಪ್ಪುಂದದ ನವ್ಯಶ್ರೀಯ ಮಗಳಿಗೆ.

ಜುಲೈ 5, ಬುಧವಾರ

ಕ್ಲಿನಿಕ್‌ನಲ್ಲಿ ನವ್ಯಶ್ರೀ. ಅವಳ ಮಗಳಿಗೂ ನಾರು ಕತ್ತರಿಸಿದ ಮೇಲಿನ ಕೊನೆಯ ಪ್ಲಾಸ್ಟರ್ ಇವತ್ತು ಬಿಚ್ಚಿತು, ಬ್ರೇಸ್ ಬಂತು. ನಾನು ಹೊಲಿದ ಇಜಾರವನ್ನು ಅಲ್ಲೇ ಹಾಕಿದಳು. ಟಪಟಪ ಬಟನ್ ಮುಚ್ಚಿ, ಮಗುವನ್ನು ಹೆಗಲಿಗೆ ಹಾಕಿಕೊಂಡು ಕೇಳಿದಳು.

"ಹಾಂಗಾರೆ ನಮ್ ತಪ್ಪ್ ಎಂತದೂ ಇಲ್ಯಾ ಅಕ್ಕ?"

"ಇಲ್ಲ."

"ನಿಮ್ದೂ?"

ಬಿಟ್ಟುಹೋಗಿದ್ದ ಒಂದು ಬಟನ್ ಒತ್ತಿ ಮುಚ್ಚಿದೆ. "ನಂದೂ ಇಲ್ಲ."

ಜೋರಾಗಿಯೇ ಹೇಳಿದೆ. ಬೆಂಚಿನ ಇನ್ನೊಂದು ತುದಿಯಲ್ಲಿ ಹೊಸ ಅಮ್ಮ ಒಬ್ಬಳು ಕೂತಿದ್ದಳು. ಅವಳಿಗೂ ಕೇಳಲಿ.

ಜುಲೈ 18, ಮಂಗಳವಾರ. ಬೆಳಿಗ್ಗೆ

ಬ್ರೇಸ್ ಬಿಚ್ಚಿದ ತಾಸು. ಅತ್ತೆ ಎಣ್ಣೆ ಹಚ್ಚಿ, ಬಿಸಿನೀರು ಹೊಯ್ದು, ಹೊಯ್ದು... ಪ್ಲಾಸ್ಟರಿನ ವಾರಗಳ ಬಾಕಿ ಸ್ನಾನವನ್ನೆಲ್ಲ ಒಟ್ಟಿಗೆ ಮಾಡಿಸಿ ಮುಗಿಸುವವರ ಹಾಗೆ. ಈಗ ಧೂಪದ ವಾಸನೆಯ ಹುಡುಗ ನನ್ನ ಪಕ್ಕದಲ್ಲಿ ಚಾಪೆ ಮೇಲೆ. ನಾನು ಮಗ್ಗುಲಾಗಿ ಮಲಗಿ ಬರೆಯುತ್ತಿದ್ದೇನೆ.

ಎಡಗೈಯನ್ನು ಅವನ ಬಲಪಾದದ ಅಡಿಗೆ ಕೊಟ್ಟಿದ್ದೇನೆ. ಒತ್ತುತ್ತಿದ್ದಾನೆ. ಹುಟ್ಟಿದಾಗ ಈ ಕೈಗೆ ಕಿರುಬೆರಳಿನ ಅಂಚು ಮಾತ್ರ ತಾಗುತ್ತಿತ್ತು. ಈಗ ಐದೂ ಬೆರಳು ಇವೆ, ಹಿಮ್ಮಡಿ ಇದೆ, ಎಲ್ಲ ಇದೆ. ಅಂಗೈ ತುಂಬ. ಬಿಸಿ. ಎಂಥ ಬಲ ಇವನಿಗೆ, ಎಲ್ಲಿಂದ ಬಂತು... ಕೈ ತೆಗೆದರೆ ಹುಡುಕುತ್ತಾನೆ, ಪುಸ್ತಕಕ್ಕೇ ಕಾಲು ಚಾಚುತ್ತಿದ್ದಾನೆ, ಈಗ ಪೆನ್ನಿಗೇ ಒದೆ